ಕ್ಯಾರವಾನ್ ಕಟ್ಟಿದ ಮೇಲೆ ಡೀಸೆಲ್ ಜಾಸ್ತಿ ಹೋಗುತ್ತಿದೆಯಾ? ಆಟೊಮ್ಯಾಟಿಕ್ ಗಾಡಿಯಲ್ಲಿ ದೋಷ ಹುಡುಕುವ ಕೈಪಿಡಿ

ನಾನಿರುವುದು ಧಾರವಾಡದಲ್ಲಿ. ಆಟೊಮ್ಯಾಟಿಕ್ ಡೀಸೆಲ್ ಎಸ್‌ಯುವಿ ಹಿಂದೆ ಇಬ್ಬರು ಮಲಗುವಷ್ಟು ಸಣ್ಣ ಕ್ಯಾರವಾನ್ ಕಟ್ಟಿಕೊಂಡು ನಾನೂ ನನ್ನ ಹೆಂಡತಿಯೂ ರಜೆಯಲ್ಲಿ ಓಡಾಡುತ್ತೇವೆ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಂತರೆ ಸಾಕು, ನಾಲ್ಕು ಜನ ಸುತ್ತ ಸೇರುತ್ತಾರೆ. "ಮನೀನ ಎಳಕೊಂಡ ಹೊಂಟೀರಲ್ರೀ!" ಎನ್ನುತ್ತಾರೆ. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ಎವರೇಜ್ ಎಷ್ಟ ಕೊಡತೈತ್ರಿ?"

ಹೋದ ವರ್ಷ ಆ ಪ್ರಶ್ನೆಗೆ ಉತ್ತರ ಕೊಡಲು ಬೇಜಾರಾಗುತ್ತಿತ್ತು. ಕ್ಯಾರವಾನ್ ಕಟ್ಟಿದಾಗಲೂ ಲೀಟರಿಗೆ 9 ಕಿ.ಮೀ. ಕೊಡುತ್ತಿದ್ದ ಗಾಡಿ ಆರೂವರೆಗೆ ಇಳಿದಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ತೊಳೆದರು. ಫಿಲ್ಟರ್‌ಗಳನ್ನು ಬದಲಿಸಿದರು. ದುಡ್ಡು ಹೋಯಿತು, ಎವರೇಜ್ ಬರಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಎಂಜಿನ್ನಿನಲ್ಲಿ ಅಲ್ಲವೇ ಅಲ್ಲ, ಕ್ಯಾರವಾನಿನ ಎಡಚಕ್ರದಲ್ಲಿ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುತ್ತಿರಲಿಲ್ಲ. ಬ್ರೇಕ್ ಹಿಡಿದೇ ನಾವು ಗದಗ, ಹಾವೇರಿ ಸುತ್ತಿದ್ದೆವು.

ಅದಕ್ಕೇ ಈ ಬರಹದಲ್ಲಿ ಎಂಜಿನ್ ಕೊನೆಗೆ ಬರುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು.

"ಮೊದಲಿಗಿಂತ ಕಡಿಮೆ ಕೊಡುತ್ತಿದೆ ಅನಿಸುತ್ತದೆ"

ಅನಿಸುವುದನ್ನು ನಂಬಬೇಡಿ, ಅಳೆಯಿರಿ. ಮೀಟರಿನ ಪರದೆ ತೋರಿಸುವ ಅಂಕಿ ಎಷ್ಟೋ ಸಲ ನಿಜಕ್ಕಿಂತ ಚೆಂದ ಇರುತ್ತದೆ. ಟ್ಯಾಂಕ್ ತುಂಬಿಸಿ. ನಳಿಕೆ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಿ, ಮೇಲೆ ಒತ್ತಿ ತುಂಬಿಸುವುದು ಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 200 ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಹಾಗೆಯೇ ತುಂಬಿಸಿ. 240 ಕಿ.ಮೀ. ಓಡಿ 27 ಲೀಟರ್ ಹಿಡಿದರೆ ಲೀಟರಿಗೆ 8.9.

ಇದನ್ನು ಎರಡು ಸಲ ಮಾಡಿ: ಕ್ಯಾರವಾನ್ ಕಟ್ಟಿ ಒಮ್ಮೆ, ಬಿಟ್ಟು ಒಮ್ಮೆ. ರಸ್ತೆ ಒಂದೇ ಇರಲಿ. ನಾನು ಹುಬ್ಬಳ್ಳಿ-ಗದಗ ರಸ್ತೆಯನ್ನು ಆರಿಸಿಕೊಂಡೆ. ಏರು ಇಳಿವು ಕಡಿಮೆ. ಹೋಗಿ ಬಂದು ಎರಡೂ ದಿಕ್ಕಿನ ಲೆಕ್ಕ ಸೇರಿಸಿ.

ಕ್ಯಾರವಾನ್ ಇಲ್ಲದಾಗಲೂ ಎವರೇಜ್ ಇಳಿದಿದ್ದರೆ ದೋಷ ಗಾಡಿಯಲ್ಲಿದೆ. ಕಟ್ಟಿದಾಗ ಮಾತ್ರ ಇಳಿದರೆ ಕ್ಯಾರವಾನ್, ಹೊರೆ, ವೇಗ ಅಥವಾ ಗೇರ್‌ಬಾಕ್ಸ್ ಕಡೆ ನೋಡಿ. ಈ ಒಂದು ಭೇದ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನು ಮಾಡಿರಲಿಲ್ಲ.

ಒಂದು ಮಾತು ನೆನಪಿರಲಿ. ಎತ್ತರದ ಡಬ್ಬಿಯಂಥ ಕ್ಯಾರವಾನ್ ಎಳೆಯುವಾಗ ಮೂರರಲ್ಲಿ ಒಂದು ಪಾಲು ಎವರೇಜ್ ಇಳಿಯುವುದು ಸಹಜ. ಅದು ದೋಷವಲ್ಲ.

"ಗದಗಿಗೆ ಹೋಗುವಾಗ ಚೆನ್ನಾಗಿ ಕೊಡುತ್ತದೆ, ಬರುವಾಗ ಇಲ್ಲ"

ಆಷಾಢ, ಶ್ರಾವಣದಲ್ಲಿ ಹೀಗಾದರೆ ಗಾಡಿ ಬಿಚ್ಚಬೇಡಿ. ಅದು ಗಾಳಿ. ಕಪ್ಪತಗುಡ್ಡದ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಪೂರ್ವಕ್ಕೆ ಹೋಗುವಾಗ ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ.

ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ನೀವು 70ರಲ್ಲಿ ಹೋಗುತ್ತಿದ್ದೀರಿ, ಎದುರುಗಾಳಿ 20 ಇದೆ ಅಂದುಕೊಳ್ಳಿ. ಕ್ಯಾರವಾನಿನ ಮಟ್ಟಿಗೆ ಅದು 90ರ ಗಾಳಿ. ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದೇ ಗಾಳಿ ಬೆನ್ನಿಗಿದ್ದರೆ 50ರ ಲೆಕ್ಕ, ತಡೆ ಸುಮಾರು ಅರ್ಧ. ಒಂದೇ ರಸ್ತೆ, ಒಂದೇ ಗಾಡಿ, ಒಂದೇ ಕಾಲು. ಆದರೂ ಇಷ್ಟು ಅಂತರ.

ಇದೇ ಲೆಕ್ಕ ನಿಮ್ಮ ವೇಗಕ್ಕೂ ಅನ್ವಯಿಸುತ್ತದೆ. 80ರಿಂದ 100ಕ್ಕೆ ಏರಿಸಿದರೆ ತಡೆ 1.56 ಪಟ್ಟು. ಹಾವೇರಿ ಕಡೆ ಹೆದ್ದಾರಿ ಚೆನ್ನಾಗಿದೆ ಎಂದು ಕಾಲು ಒತ್ತುವ ಮುಂಚೆ ಇದನ್ನು ನೆನೆಯಿರಿ. ಹುಬ್ಬಳ್ಳಿಯಿಂದ ಹಾವೇರಿಗೆ ಸುಮಾರು 75 ಕಿ.ಮೀ. 90ರ ಬದಲು 75ರಲ್ಲಿ ಹೋದರೆ ಹತ್ತು ನಿಮಿಷ ತಡ ಆಗುತ್ತದೆ, ಅಷ್ಟೇ. ಒಂದು ಟ್ಯಾಂಕ್ ಪೂರ್ತಿ 70–75ರಲ್ಲೇ ಓಡಿಸಿ ಅಳೆದು ನೋಡಿ. ಎವರೇಜ್ ಮರಳಿ ಬಂದರೆ ನಿಮ್ಮ ಹುಡುಕಾಟ ಇಲ್ಲೇ ಮುಗಿಯಿತು.

ಮಾಡಿನ ಕ್ಯಾರಿಯರ್ ಖಾಲಿ ಇದ್ದರೆ ಬಿಚ್ಚಿಡಿ. ಕ್ಯಾರವಾನಿನ ಮಾಡಿನ ಕಿಂಡಿ ಮುಚ್ಚಿ. ಬದಿಯ ನೆರಳುಬಟ್ಟೆ ಸರಿಯಾಗಿ ಸುತ್ತಿ ಕಟ್ಟಿ.

"ಗಾಡಿಯ ಹಿಂಭಾಗ ಕುಸಿದಿದೆ" ಅಥವಾ "ಕ್ಯಾರವಾನ್ ಬಾಲ ಆಡಿಸುತ್ತದೆ"

ಸಮತಟ್ಟು ಜಾಗದಲ್ಲಿ ಕಟ್ಟಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಬದಿಯಿಂದ ನೋಡಿ. ಗಾಡಿಯೂ ಕ್ಯಾರವಾನೂ ಒಂದೇ ಮಟ್ಟದಲ್ಲಿ ಕಾಣಬೇಕು. ಹಿಂಭಾಗ ಕುಸಿದಿದ್ದರೆ ಕ್ಯಾರವಾನ್ ಸಿಕ್ಕಿಸುವ ಹುಕ್ಕಿನ ಮೇಲೆ ಭಾರ ಹೆಚ್ಚಾಗಿದೆ. ಕ್ಯಾರವಾನಿನ ಮೂತಿ ಮೇಲೆದ್ದಿದ್ದರೆ ಹಿಂದೆ ಸಾಮಾನು ಜಾಸ್ತಿಯಾಗಿದೆ. ಆಗ ಅದು ಓಲಾಡುತ್ತದೆ. ಎವರೇಜ್ ಬಿಡಿ, ಇದು ಜೀವದ ಪ್ರಶ್ನೆ. ಹುಕ್ಕಿನ ಮೇಲೆ ಕ್ಯಾರವಾನ್ ತೂಕದ ನೂರಕ್ಕೆ 7ರಿಂದ 10ರಷ್ಟು ಭಾರ ಬಿದ್ದರೆ ಸಾಮಾನ್ಯವಾಗಿ ಸರಿ. ಹುಕ್ಕಿನ ಮೇಲೂ ಗಾಡಿಯ ಪುಸ್ತಕದಲ್ಲೂ ಬರೆದಿರುವ ಮಿತಿಯನ್ನು ಮಾತ್ರ ದಾಟಬಾರದು.

ತೂಕ ಊಹಿಸಬೇಡಿ. ಎಪಿಎಂಸಿ ಹತ್ತಿರ ವೇಬ್ರಿಜ್ ಇದ್ದೇ ಇರುತ್ತದೆ. ಅಮರಗೋಳದಲ್ಲಾಗಲಿ ಬ್ಯಾಡಗಿಯಲ್ಲಾಗಲಿ ಮೆಣಸಿನಕಾಯಿ ಲಾರಿಗಳ ಸಾಲಿನಲ್ಲಿ ನಿಂತು ನಿಮ್ಮದನ್ನೂ ತೂಗಿಸಿ. ನಮ್ಮದು ಅಂದಾಜಿಗಿಂತ 180 ಕೆ.ಜಿ. ಜಾಸ್ತಿ ಬಂತು. ತುಂಬಿದ ನೀರಿನ ಟ್ಯಾಂಕೇ 80 ಲೀಟರ್, ಅಂದರೆ 80 ಕೆ.ಜಿ. ಈಗ ಖಾಲಿ ಟ್ಯಾಂಕಿನಲ್ಲಿ ಹೊರಟು, ಹೋದ ಊರಿನಲ್ಲಿ ತುಂಬಿಸುತ್ತೇವೆ. ಭಾರದ ಸಾಮಾನು ಅಚ್ಚಿನ ನೇರಕ್ಕೆ, ನೆಲದ ಮಟ್ಟದಲ್ಲಿ ಇಡಿ.

ಓಲಾಟ ಶುರುವಾದರೆ ವೇಗ ಹೆಚ್ಚಿಸಿ ನೇರ ಮಾಡಲು ಹೋಗಬೇಡಿ. ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ನಿಂತ ಮೇಲೆ ಸಾಮಾನು ಹಂಚಿಡದೆ ಮುಂದೆ ಹೋಗಬೇಡಿ.

"ಕಾಲು ತೆಗೆದ ಕೂಡಲೇ ವೇಗ ಬಿದ್ದುಹೋಗುತ್ತದೆ"

ಇದೇ ನಮ್ಮ ಗಾಡಿ ತೋರಿಸಿದ ಲಕ್ಷಣ. ನಾನು ತಿಂಗಳುಗಟ್ಟಲೆ ಗಮನಿಸಲೇ ಇಲ್ಲ. ಸಮತಟ್ಟು ರಸ್ತೆಯಲ್ಲಿ 60ರಲ್ಲಿ ಕಾಲು ತೆಗೆದರೆ ಗಾಡಿ ತನ್ನಷ್ಟಕ್ಕೆ ಉರುಳಬೇಕು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಲ್ಲುತ್ತಿದ್ದರೆ ಚಕ್ರಗಳಲ್ಲಿ ಏನೋ ಹಿಡಿದಿದೆ.

ಮೊದಲು ಹವಾ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಗಾಡಿಗೆ ಎಷ್ಟು ಹಾಕಬೇಕು ಎಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿರುತ್ತದೆ. ತುಂಬಿದ ಹೊರೆಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಕ್ಯಾರವಾನ್ ಕಟ್ಟಿದಾಗ ಅದನ್ನೇ ಹಿಡಿಯಿರಿ. ಟೈರಿನ ಮೇಲೆಯೇ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ಹಾಕಿ ಎಂದು ಅರ್ಥವಲ್ಲ. ಕ್ಯಾರವಾನಿನ ಟೈರ್ ಮಾತ್ರ ಎಲ್ಲರೂ ಮರೆಯುತ್ತಾರೆ. ತಿಂಗಳುಗಟ್ಟಲೆ ನಿಂತಿರುವುದರಿಂದ ಹವಾ ತಾನಾಗಿ ಇಳಿದಿರುತ್ತದೆ. ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ಟ್ರೆಡ್ ಎಷ್ಟೇ ಚೆನ್ನಾಗಿರಲಿ, ಬದಲಿಸಿ. ಒಂದೇ ಅಂಚು ಸವೆದಿದ್ದರೆ ಅಚ್ಚು ಬಾಗಿರಬಹುದು. ಅದಕ್ಕೆ ಅಲೈನ್‌ಮೆಂಟ್ ಅಂಗಡಿಯೇ ಬೇಕು.

ನಂತರ ಬಿಸಿಯ ಪರೀಕ್ಷೆ. ಇದು ಬಹಳ ಸರಳ, ನನಗೆ ಉತ್ತರ ಕೊಟ್ಟಿದ್ದೂ ಇದೇ. ಅರ್ಧ ಗಂಟೆ ಓಡಿಸಿ. ಸಾಧ್ಯವಾದಷ್ಟು ಬ್ರೇಕ್ ಬಳಸದೆ ಬದಿಗೆ ನಿಲ್ಲಿಸಿ. ಅಂಗೈ ಬೇಡ, ಹಿಂಗೈಯನ್ನು ಪ್ರತಿ ಚಕ್ರದ ನಡುಭಾಗದ ಹತ್ತಿರ ಒಯ್ಯಿರಿ. ಮುಟ್ಟಬೇಡಿ. ಎಡಬಲ ಎರಡೂ ಒಂದೇ ಬಿಸಿ ಇದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕಾದ ಹಂಚಿನಂತೆ ಝಳ ಹೊಡೆಯುತ್ತಿದ್ದರೆ ಅದು ಬ್ರೇಕ್ ಹಿಡಿದದ್ದು, ಇಲ್ಲವೇ ಬೇರಿಂಗ್ ಹೋಗುತ್ತಿರುವುದು.

ಯಾವುದು ಎಂದು ತಿಳಿಯಲು ಆರಿದ ಮೇಲೆ ಚಕ್ರ ಎತ್ತಬೇಕು. ಕ್ಯಾರವಾನ್ ಗಾಡಿಗೆ ಕಟ್ಟಿಯೇ ಇರಲಿ. ಗಾಡಿಯ ಗೇರ್ ಲಿವರ್ ಪಾರ್ಕಿಂಗ್ (ಪಿ) ಸ್ಥಾನದಲ್ಲಿರಲಿ, ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬೇರೆ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಎರೆ ಭೂಮಿಯ ಮೇಲೆ ಜಾಕ್ ಇಟ್ಟರೆ ಅದು ಒಳಗಿಳಿಯುತ್ತದೆ, ಕೆಳಗೆ ದಪ್ಪ ಹಲಗೆ ಬೇಕು. ಜಾಕ್ ಮೇಲಿರುವಾಗ ಯಾರೂ ಕೆಳಗೆ ನುಸುಳಬಾರದು, ಒಳಗೂ ಇರಬಾರದು. ಈಗ ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಎರಡು ಸುತ್ತೂ ತಿರುಗದೆ ಉಜ್ಜಿಕೊಂಡು ನಿಂತರೆ ಬ್ರೇಕ್. ಗರಗರ ಸದ್ದು ಬಂದರೆ, ಅಥವಾ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಟಕಟಕ ಆಡಿದರೆ ಬೇರಿಂಗ್.

ಕೇಬಲ್ ತುಕ್ಕು ಹಿಡಿದಿದ್ದರೆ ಬದಲಿಸುವುದು ದೊಡ್ಡ ಖರ್ಚಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದೇ ತಿಂಗಳುಗಟ್ಟಲೆ ನಿಲ್ಲಿಸಿದ್ದರಿಂದ ನಮ್ಮದು ಹಾಳಾಗಿತ್ತು. ಈಗ ಕಲ್ಲು ಕೊಟ್ಟು ಬ್ರೇಕ್ ಬಿಟ್ಟೇ ನಿಲ್ಲಿಸುತ್ತೇನೆ. ಗಾಡಿ ನಿಧಾನವಾಗಿ ಕ್ಯಾರವಾನ್ ಹಿಂದಿನಿಂದ ತಳ್ಳಿದಾಗ ತಾನಾಗಿ ಹಿಡಿಯುವ ಬ್ರೇಕ್ ನಿಮ್ಮ ಕ್ಯಾರವಾನಿಗೆ ಇದ್ದರೆ, ಅದರ ಹೊಂದಾಣಿಕೆ ಬಿಗಿಯಾದರೂ ಇದೇ ಲಕ್ಷಣ ಬರುತ್ತದೆ. ಆ ಹೊಂದಾಣಿಕೆಯನ್ನು ತಿಳಿದವರಿಗೇ ಬಿಡಿ.

ಹೊಗೆ ಬರುವಷ್ಟು ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಸೀಳುತ್ತದೆ. ಬೇರಿಂಗ್ ಸದ್ದು ಮಾಡುತ್ತಿದ್ದರೆ "ಊರು ಮುಟ್ಟಿಸೋಣ" ಎಂದು ಓಡಿಸಲೇಬೇಡಿ. ಚಕ್ರವೇ ಕಳಚಿ ಬೀಳಬಹುದು.

ನಮ್ಮ ಕಡೆಗೇ ಸೇರಿದ ಒಂದು ಅಪಾಯ ಹೇಳಬೇಕು. ಸುಗ್ಗಿಯಲ್ಲಿ ಹಳ್ಳಿ ರಸ್ತೆಯೇ ಕಣ ಆಗುತ್ತದೆ. ಹುರುಳಿ, ಜೋಳ ಹಾಸಿರುತ್ತಾರೆ. ಒಣ ಬಳ್ಳಿ ಕ್ಯಾರವಾನಿನ ಅಚ್ಚಿಗೂ ಗಾಡಿಯ ಸೈಲೆನ್ಸರಿಗೂ ಸುತ್ತಿಕೊಳ್ಳುತ್ತದೆ. ಮೊದಲು ಎಳೆತ ಜಾಸ್ತಿಯಾಗುತ್ತದೆ, ಆಮೇಲೆ ಬೆಂಕಿಯೂ ಹತ್ತಬಹುದು. ಆದಷ್ಟು ಬೇರೆ ದಾರಿ ಹಿಡಿಯಿರಿ. ಹಾಯಲೇಬೇಕಾದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ.

"ಗೇರ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ"

ಸಣ್ಣ ಏರು ಬಂತು, ಆರನೇ ಗೇರಿನಿಂದ ಐದಕ್ಕೆ. ಏರು ಮುಗಿಯಿತು, ಮತ್ತೆ ಆರು. ಎರಡು ನಿಮಿಷದಲ್ಲಿ ಮತ್ತೆ ಐದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏರಿ ಬರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕಾರಣ ತಿಳಿಯಲು ಗೇರ್‌ಬಾಕ್ಸಿನ ಒಳಗೆ ಸ್ವಲ್ಪ ನೋಡಬೇಕು. ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್ ಇದ್ದ ಹಾಗೆ. ಒಂದು ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ. ಜಾರಿದ್ದೆಲ್ಲ ಬಿಸಿಯಾಗುತ್ತದೆ, ಆ ಬಿಸಿ ನಿಮ್ಮ ಡೀಸೆಲ್. ಅದನ್ನು ತಪ್ಪಿಸಲು ಒಂದೇ ವೇಗದಲ್ಲಿ ಸಾಗುವಾಗ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಬಿಗಿದು ಒಂದಾಗಿಸುತ್ತದೆ. ಕ್ಯಾರವಾನಿನ ಭಾರಕ್ಕೆ ಆರನೇ ಗೇರ್ ಏದುಸಿರು ಬಿಟ್ಟಾಗ ಮೊದಲು ಈ ಲಾಕ್ ಬಿಡುತ್ತದೆ, ಆಮೇಲೆ ಗೇರ್ ಇಳಿಯುತ್ತದೆ. ಹೀಗೆ ಆಡುತ್ತಿದ್ದರೆ ಲಾಕ್ ಇಲ್ಲದೆಯೇ ದಾರಿ ಸವೆಯುತ್ತದೆ.

ಪರಿಹಾರಕ್ಕೆ ಕಾಸು ಬೇಡ. ಗೇರ್ ಲಿವರನ್ನು ಮ್ಯಾನುಯಲ್ ಕಡೆ ತಳ್ಳಿ ಐದರಲ್ಲೇ ನಿಲ್ಲಿಸಿ. ಹೊರೆ ಎಳೆಯಲೆಂದೇ ಕೊಟ್ಟಿರುವ ಟೋ ಮೋಡ್ ಇದ್ದರೆ ಹಾಕಿ. "ಕೆಳಗಿನ ಗೇರಿನಲ್ಲಿ ಡೀಸೆಲ್ ಜಾಸ್ತಿ ಕುಡಿಯುತ್ತೆ ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಖಾಲಿ ಗಾಡಿಗೆ ಆ ಮಾತು ನಿಜ. ಹೊರೆ ಎಳೆಯುವಾಗ, ಲಾಕ್ ಆದ ಐದನೇ ಗೇರ್ ಜಾರುವ ಆರನೇ ಗೇರಿಗಿಂತ ಕಡಿಮೆ ಕುಡಿಯುತ್ತದೆ. ಗೇರ್‌ಬಾಕ್ಸೂ ತಣ್ಣಗಿರುತ್ತದೆ.

ಲಾಕ್ ಆಗಿದೆಯೇ ಎಂದು ನೋಡುವ ಬಗೆ: ಸಮತಟ್ಟು ರಸ್ತೆ, 70ರ ವೇಗ. ಆಕ್ಸಿಲರೇಟರನ್ನು ಚೂರೇ ಚೂರು ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ವೇಗ ಒಟ್ಟಿಗೆ ನಿಧಾನ ಏರಿದರೆ ಲಾಕ್ ಆಗಿದೆ. ವೇಗ ಏರದೆ ಮುಳ್ಳು ಮಾತ್ರ ಇನ್ನೂರು ಮುನ್ನೂರು ಹಾರಿದರೆ ಆಗಿಲ್ಲ. ಕ್ಯಾರವಾನ್ ಇಲ್ಲದೆಯೂ, ಎಂಜಿನ್ ಬಿಸಿಯಾದ ಮೇಲೂ ಯಾವತ್ತೂ ಲಾಕ್ ಆಗದಿದ್ದರೆ ಅದು ದೋಷ.

ಆಗಲೂ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಒಪ್ಪಬೇಡಿ. ಮೊದಲು ಬ್ರೇಕ್ ಲೈಟ್ ನೋಡಿ. ಪೆಡಲಿನಿಂದ ಕಾಲು ತೆಗೆದ ಮೇಲೂ ಉರಿಯುತ್ತಿದೆಯೇ? ಬ್ರೇಕ್ ಒತ್ತಿದೆ ಎಂಬ ಸಂಕೇತ ಹೋಗುತ್ತಿದ್ದರೆ ಗಾಡಿಯ ಕಂಪ್ಯೂಟರ್ ಲಾಕ್ ಹಾಕುವುದೇ ಇಲ್ಲ. ವೇಗವನ್ನು ತಾನಾಗಿ ಕಾಯುವ ಕ್ರೂಸ್ ಕಂಟ್ರೋಲ್ ಕೂಡ ಕೆಲಸ ಮಾಡುವುದಿಲ್ಲ. ಪೆಡಲ್ ಬಳಿಯ ಪುಟ್ಟ ಸ್ವಿಚ್ ಬದಲಿಸಿದರೆ ಮುಗಿಯಿತು. ಅದು ಸರಿಯಿದ್ದರೆ ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿಸಿ. ಪಿ0741 ಕೋಡ್ ಬಂದರೆ ಲಾಕ್‌ಅಪ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಅಲ್ಲಿಂದಾಚೆ ಆಟೊಮ್ಯಾಟಿಕ್ ಬಲ್ಲ ಮೆಕ್ಯಾನಿಕ್ ಬೇಕು.

ಗೇರ್ ಎಣ್ಣೆ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಗೇರ್‌ಬಾಕ್ಸ್ ಬಹಳ ಕಾದಿದೆ. ಈಗಿನ ಬಹಳ ಗಾಡಿಗಳಲ್ಲಿ ಇದರ ಮಟ್ಟ ನೋಡುವ ಕಡ್ಡಿ ಇರುವುದಿಲ್ಲ, ಲಿಫ್ಟ್ ಮೇಲೆ, ಕಂಪನಿ ಹೇಳಿದ ಬಿಸಿಯಲ್ಲೇ ಮಟ್ಟ ನೋಡಬೇಕು. ಮನೆಯಲ್ಲಿ ಪ್ಲಗ್ ಬಿಚ್ಚಬೇಡಿ. ಹೊರೆ ಎಳೆಯುವ ಗಾಡಿಗೆ ಮಾಮೂಲಿ ಅವಧಿಗಿಂತ ಬೇಗ ಎಣ್ಣೆ ಬದಲಿಸಬೇಕು.

ಎಲ್ಲ ಆಟೊಮ್ಯಾಟಿಕ್ ಒಂದೇ ಅಲ್ಲ. ಎಎಂಟಿ ಅಂದರೆ ಮಾಮೂಲಿ ಕ್ಲಚ್ಚನ್ನೇ ಯಂತ್ರ ಒತ್ತುವುದು. ಡಿಸಿಟಿಯಲ್ಲೂ ಕ್ಲಚ್ ಇದೆ, ಒಂದಲ್ಲ ಎರಡು. ಏರಿನಲ್ಲಿ ಕ್ಯಾರವಾನ್ ಕಟ್ಟಿ ತೆವಳಿದರೆ, ರಿವರ್ಸ್ ತಳ್ಳಿದರೆ ಅವು ಸುಡುತ್ತವೆ. ಹಲ್ಲಿನ ಗೇರಿನ ಬದಲು ಬೆಲ್ಟ್ ಇರುವ ಸಿವಿಟಿಗೂ ಭಾರ ಆಗದು. ಪುಸ್ತಕದಲ್ಲಿ ಎಳೆಯಬೇಡಿ ಎಂದಿದ್ದರೆ ಎಳೆಯಲೇಬೇಡಿ.

"ಎಂಜಿನ್ ಬಿಸಿಯೇ ಆಗುವುದಿಲ್ಲ"

ಇಪ್ಪತ್ತು ನಿಮಿಷ ಓಡಿಸಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇದೆಯೇ? ಎಂಜಿನ್ ಕಾಯುವ ತನಕ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು. ಎಂಜಿನ್ ತಣ್ಣಗಿದೆ ಎಂದು ತಿಳಿದು ಕಂಪ್ಯೂಟರ್ ಜಾಸ್ತಿ ಇಂಧನ ಕೊಡುತ್ತದೆ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಕಾಯುವ ತನಕ ಲಾಕ್‌ಅಪ್ ಕೂಡ ಹಾಕುವುದಿಲ್ಲ. ಒಂದು ಸಣ್ಣ ಭಾಗ, ಎರಡು ಕಡೆ ನಷ್ಟ. ಮುಳ್ಳಿಲ್ಲದ ಗಾಡಿಗೆ ಸ್ಕ್ಯಾನರ್ ಹಚ್ಚಿ: ಓಡುವಾಗ ಕೂಲಂಟ್ 85ರಿಂದ 95 ಡಿಗ್ರಿ ಇರಬೇಕು. ಪಿ0128 ಕೋಡ್ ಇದ್ದರೆ ಅನುಮಾನ ಗಟ್ಟಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.

"ಕಪ್ಪು ಹೊಗೆ, ಸಿಳ್ಳೆ ಸದ್ದು, ಏರಿನಲ್ಲಿ ಶಕ್ತಿ ಇಲ್ಲ"

ಬೇಸಿಗೆಯಲ್ಲಿ ನಮ್ಮ ಕಡೆಯ ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ತುಂಬಿಸುತ್ತದೆ. ತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸಿ. ಫಿಲ್ಟರ್ ಸರಿಯಿದ್ದೂ ಕಪ್ಪು ಹೊಗೆ ಬರುತ್ತಿದ್ದರೆ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೋದಿಂದ ಬರುವ ರಬ್ಬರ್ ಪೈಪ್ ಸೀಳಿರಬಹುದು. ಕಾಲು ಒತ್ತಿದಾಗ ಸುಯ್ ಎನ್ನುವ ಸದ್ದು ಅದರದ್ದೇ. ಎಂಜಿನ್ ಆರಿದ ಮೇಲೆ ಪೈಪಿನ ಮಡಿಕೆಗಳಲ್ಲಿ ಎಣ್ಣೆಯ ಪಸೆ ಇದೆಯೇ ನೋಡಿ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ಆಗಾಗ ಮಸಿಯನ್ನು ಸುಟ್ಟು ಹಾಕುತ್ತದೆ, ಅದಕ್ಕೆ ಡೀಸೆಲ್ ಬೇಕು. ಬಂದ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುವುದು, ನಿಂತಾಗ ಆರ್‌ಪಿಎಂ ಏರಿರುವುದು ಅದರ ಗುರುತು. ಪದೇಪದೇ ಆಗುತ್ತಿದ್ದರೆ ಎವರೇಜ್ ಇಳಿಯುತ್ತದೆ. ಬರೀ ಊರೊಳಗೆ ಓಡಿಸುವುದೇ ಹೆಚ್ಚಿನ ಸಲ ಕಾರಣ. ಡಿಪಿಎಫ್ ದೀಪ ಬಂದರೆ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಆ ಹೊತ್ತಿನಲ್ಲಿ ಸೈಲೆನ್ಸರ್ ವಿಪರೀತ ಕಾದಿರುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಇಂಜೆಕ್ಟರ್ ಬಿಚ್ಚುವ ಮಾತು ಇವೆಲ್ಲ ಮುಗಿದ ಮೇಲೆ.

"ಘಾಟಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿಯುತ್ತೆ ಅಂತಾರೆ"

ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಇದನ್ನು ದಯವಿಟ್ಟು ಮಾಡಬೇಡಿ. ಗೇರಿನಲ್ಲಿದ್ದು ಕಾಲು ತೆಗೆದಾಗ ಈಗಿನ ಎಂಜಿನ್‌ಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ತಿರುಗಲು ಡೀಸೆಲ್ ಕುಡಿಯುತ್ತದೆ. ಉಳಿತಾಯ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಹಿಂದಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಕೈಕೊಡುವುದು ಇಂಥ ಕಡೆಯೇ. ಘಾಟ್ ಶುರುವಾಗುವ ಮುಂಚೆಯೇ ಗೇರ್ ಇಳಿಸಿ, ಅದರಲ್ಲೇ ಇಳಿಯಿರಿ.

ಎಲ್ಲಿ ನಿಲ್ಲಿಸಬೇಕು, ಗ್ಯಾರೇಜಿನಲ್ಲಿ ಏನು ಹೇಳಬೇಕು

ಗೇರ್‌ಬಾಕ್ಸ್ ಬಿಸಿಯ ದೀಪ ಬಂದರೆ, ಗೇರ್ ಬೀಳಲು ತಡವಾಗಿ ಧಡ್ ಎಂದು ಬಡಿದರೆ, ಸುಟ್ಟ ವಾಸನೆ ಬಂದರೆ, ಹುಕ್ಕಿನ ಬೆಸುಗೆಯಲ್ಲಿ ಬಿರುಕು ಕಂಡರೆ ಅಲ್ಲೇ ನಿಲ್ಲಿಸಿ. ಕ್ಯಾರವಾನಿನ ಗ್ಯಾಸ್ ಸಿಲಿಂಡರ್ ಓಡುವಾಗ ಯಾವಾಗಲೂ ಬಂದ್ ಇರಲಿ. ಕೆಟ್ಟ ಆಟೊಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬರಬೇಡಿ. ಎಂಜಿನ್ ಬಂದ್ ಆಗಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಪಂಪ್ ತಿರುಗುವುದಿಲ್ಲ, ಒಳಗೆ ಒಣಗಿ ತೇಯುತ್ತದೆ. ಫ್ಲಾಟ್‌ಬೆಡ್ ಲಾರಿ ಕರೆಸಿ.

ಗ್ಯಾರೇಜಿಗೆ ಹೋಗುವಾಗ ಟ್ಯಾಂಕ್ ಲೆಕ್ಕ ಬರೆದ ಚೀಟಿ ಒಯ್ಯಿರಿ. ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ಎಷ್ಟು ಹೊತ್ತು ಓಡಿಸಿದ ಮೇಲೆ ಲಕ್ಷಣ ಬರುತ್ತದೆ ಎಂದು ಹೇಳಿ. ಕ್ಯಾರವಾನ್ ಸುರಕ್ಷಿತವಾಗಿ ಓಡುವ ಸ್ಥಿತಿಯಲ್ಲಿದ್ದರೆ ಅದನ್ನೂ ಕಟ್ಟಿಕೊಂಡೇ ಹೋಗಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಕಿಲೋಮೀಟರ್ ಓಡಿಸಿ. ನಾನು ಖಾಲಿ ಗಾಡಿ ಮಾತ್ರ ಒಯ್ದಿದ್ದೆ. ಹಿಡಿದ ಬ್ರೇಕ್ ಮನೆಯ ಅಂಗಳದಲ್ಲೇ ಉಳಿದಿತ್ತು.